ನಾಲ್ಕು ಮೂವತ್ತರ ಅಮಾವಾಸ್ಯೆ

ನಾನು ಲೆಕ್ಕ ತಪ್ಪುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳಲು ಅವಕಾಶ ಸಿಗಲಾರದು.

ಸರ್ಕಾರಿ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಕಟ್ಟಡಗಳ ನಕ್ಷೆ ಬರೆಯುತ್ತಿದ್ದವನು ನಾನು. ನಾವು ಜಯನಗರಕ್ಕೆ ಬಂದ ಹೊಸದರಲ್ಲಿ ಅಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಸೈಟುಗಳೇ ಹೆಚ್ಚಾಗಿದ್ದವು. ಯಾರಾದರೂ ಪಾಯ ತೆಗೆಸುತ್ತಿದ್ದರೆ, ಸಂಜೆ ತಿರುಗಾಡಲು ಹೊರಟ ನಾನು ಅಲ್ಲಿ ನಿಂತು ಎರಡು ಮಾತು ಸಲಹೆ ಕೊಟ್ಟೇ ಮುಂದೆ ಹೋಗುತ್ತಿದ್ದೆ. ಕೆಲವೇ ದಿನಗಳಲ್ಲಿ ಮೇಸ್ತ್ರಿಗಳು ನನ್ನನ್ನು ದೂರದಿಂದ ಕಂಡೊಡನೆ ಕೆಲಸ ನಿಲ್ಲಿಸಿ ಬೀಡಿ ಸೇದಲು ಹಿಂದುಗಡೆ ಹೋಗಿಬಿಡುತ್ತಿದ್ದರು. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ.

ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಸರಸು ಮತ್ತು ನನ್ನ ಸೋದರತ್ತೆ ವೆಂಕಮ್ಮ, ಹೀಗೆ ಮೂವರು. ನನಗೆ ನಾಲ್ಕು ವರ್ಷವಿದ್ದಾಗ ತಾಯಿ ಹೋದರು. ಮದುವೆಯಾದ ಮೂರನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆ ನನ್ನನ್ನು ಸಾಕಿದರು. ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ಒಂದೇ ಒಂದು ಆಸೆಯನ್ನು ವರ್ಷಕ್ಕೊಮ್ಮೆ, ಅದೂ ಅಕ್ಕಿ ಆರಿಸುತ್ತಾ, ಅಕ್ಕಿಗೇ ಹೇಳುವಂತೆ ಹೇಳುತ್ತಿದ್ದರು.

"ಒಂದು ಸಲ ಸಮುದ್ರ ಸ್ನಾನ ಆಗಿಬಿಟ್ಟಿದ್ರೆ ಸಾಕಿತ್ತು ಕಣೋ ಶಾಮು. ನಿಮ್ಮ ಮಾವ ಕರ್ಕೊಂಡು ಹೋಗ್ತೀನಿ ಅಂದಿದ್ರು. ಆಗಲಿಲ್ಲ."

ಅರವತ್ತೆಂಟು ವರ್ಷಗಳಲ್ಲಿ ಅವರು ಕಂಡ ಅತಿ ದೊಡ್ಡ ನೀರೆಂದರೆ ಲಾಲ್‌ಬಾಗಿನ ಕೆರೆ.

ಆ ವರ್ಷ ನನಗೆ ಐದು ದಿನದ ರಜೆ ಸಿಕ್ಕಿತು. ಅದೇ ಹೊತ್ತಿಗೆ ಕಚೇರಿಯ ಹಳೆಯ ಬೀರುವಿನಲ್ಲಿ ತರಂಗಂಬಾಡಿ ಎಂಬ ಊರಿನ ಚಿತ್ರಗಳ ಒಂದು ಕಟ್ಟು ನನ್ನ ಕಣ್ಣಿಗೆ ಬಿತ್ತು. ತಂಜಾವೂರು ಸೀಮೆಯ ಕಡಲ ತೀರದ ಊರು. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಡೆನ್ಮಾರ್ಕಿನವರು ಬಂದು ಕೋಟೆ ಕಟ್ಟಿಕೊಂಡ ಊರು. ಹೆಬ್ಬಾಗಿಲು, ಕಮಾನು, ದಪ್ಪ ಕಂಬದ ಮನೆಗಳು, ಸಮುದ್ರದ ಅಂಚಿನಲ್ಲೊಂದು ಹಳೆಯ ದೇವಸ್ಥಾನ. ನೋಡುತ್ತಾ ನೋಡುತ್ತಾ ಅತ್ತೆಯ ಆಸೆಯನ್ನು ಈಡೇರಿಸುವುದು ನನ್ನ ಕರ್ತವ್ಯವೆಂದು ನನಗೆ ಬಲವಾಗಿ ಅನ್ನಿಸತೊಡಗಿತು.

"ಮಂಗಳೂರಲ್ಲೂ ಸಮುದ್ರ ಇದೆಯಲ್ರೀ," ಎಂದಳು ಸರಸು.

"ಇದೆ. ಆದರೆ ಅಲ್ಲಿ ಡೇನಿಷರ ಕೋಟೆ ಇಲ್ಲ."

"ಅತ್ತೆ ಸ್ನಾನ ಮಾಡೋದು ಕೋಟೇಲೋ ಸಮುದ್ರದಲ್ಲೋ?"

ಕೆಲವು ಪ್ರಶ್ನೆಗಳನ್ನು ವಿಷಯಾಂತರವೆಂದು ಬಿಟ್ಟುಬಿಡಬೇಕಾಗುತ್ತದೆ.

ಒಂದು ತೊಡಕಿತ್ತು. ಸಮುದ್ರವನ್ನು ಕಂಡಕಂಡ ದಿನ ಮುಟ್ಟುವಂತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಲ್ಲಿ ಮುಟ್ಟಿದರೆ ಪುಣ್ಯ, ಬೇರೆ ದಿನ ಮುಟ್ಟಿದರೆ ದೋಷ. ಮಡಿಯಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ಅತ್ತೆ ಇದರಲ್ಲಿ ಬಿಟ್ಟುಕೊಡುವ ಮಾತೇ ಇರಲಿಲ್ಲ. ನನ್ನ ರಜೆಯಲ್ಲೇ ಪುಷ್ಯದ ಅಮಾವಾಸ್ಯೆ ಬರುತ್ತಿತ್ತು. ನಾನು ಪಂಚಾಂಗ ತೆಗೆದು, ಕನ್ನಡಕ ಒರೆಸಿಕೊಂಡು ನೋಡಿದೆ. ಆ ದಿನದ ಸಾಲಿನಲ್ಲಿ ಅಮಾವಾಸ್ಯೆಯ ಮುಂದೆ ಸ್ಪಷ್ಟವಾಗಿ ೪-೩೦ ಎಂದು ಅಚ್ಚಾಗಿತ್ತು.

"ಸಾಯಂಕಾಲ ನಾಲ್ಕೂವರೆ ತನಕ ಇದೆ ಅತ್ತೆ. ಬೇಕಾದಷ್ಟು ಹೊತ್ತು."

"ಯಾತಕ್ಕೂ ಪುರೋಹಿತರನ್ನ ಒಂದು ಮಾತು ಕೇಳಬಾರದೇನೋ?"

"ಅಂಕಿ ಓದೋದಕ್ಕೂ ಪುರೋಹಿತರು ಬೇಕಾ ಅತ್ತೆ? ದಿನಾ ಬೆಳಗಾದ್ರೆ ನಾನು ಓದೋದೇ ಅಂಕಿ."

ಅತ್ತೆ ಮಡಿಬಟ್ಟೆ ಗಂಟು ಕಟ್ಟಲು ಎದ್ದರು. ನಾನು ಹೇಳಿದ ಮೇಲೆ ಅವರಿಗೆ ಅದು ವೇದವಾಕ್ಯ. ಆ ನಂಬಿಕೆ ಅವರಿಗೆ ಹೇಗೆ ಬಂತೋ, ಸರಸುವಿಗೆ ಇವತ್ತಿಗೂ ಅರ್ಥವಾಗಿಲ್ಲ.

ಮೂರು ಕಡೆ ರೈಲು ಬದಲಿಸಿ, ಕೊನೆಗೆ ಮಾಯವರಂನಲ್ಲಿ ಒಂದು ಪುಟ್ಟ ರೈಲು ಹತ್ತಿ, ಅಮಾವಾಸ್ಯೆಯ ಬೆಳಿಗ್ಗೆ ಏಳು ಗಂಟೆಗೆ ತರಂಗಂಬಾಡಿಯಲ್ಲಿ ಇಳಿದೆವು. ಅತ್ತೆ ದಾರಿಯಲ್ಲಿ ಎರಡು ಬಾಳೆಹಣ್ಣಿನ ಹೊರತು ಏನನ್ನೂ ತಿಂದಿರಲಿಲ್ಲ. ಆ ದಿನವಂತೂ ಸ್ನಾನವಾಗುವ ತನಕ ಒಂದು ಗುಟುಕು ನೀರೂ ಇಲ್ಲವೆಂದು ಸಂಕಲ್ಪ ಮಾಡಿಕೊಂಡಿದ್ದರು. ಮಡಿಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡು, ನಿಲ್ದಾಣದ ಹೊರಗೆ ನಿಂತು ಕಿವಿಗೊಟ್ಟರು.

"ಅದೇನೋ ಸದ್ದು?"

"ಅದೇ ಅತ್ತೆ ಸಮುದ್ರ. ಹೋಗೋಣ. ಅದೆಲ್ಲೂ ಓಡಿಹೋಗಲ್ಲ. ನಾಲ್ಕೂವರೆ ತನಕ ಟೈಮಿದೆ, ಬಿಸಿಲು ಏರೋದರೊಳಗೆ ಕಟ್ಟಡಗಳನ್ನ ನೋಡಿಬಿಡೋಣ. ಆಮೇಲೆ ನೀರೂ ಬೆಚ್ಚಗಿರುತ್ತೆ."

ನನ್ನ ಯೋಜನೆಯಲ್ಲಿ ಇಂದಿಗೂ ನನಗೆ ದೋಷ ಕಾಣುವುದಿಲ್ಲ. ಎದುರಿನಿಂದ ಜನ ಬರುತ್ತಿದ್ದರು. ಒದ್ದೆ ಪಂಚೆ, ಒದ್ದೆ ಸೀರೆ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಹಿತ್ತಾಳೆ ಚೊಂಬು. ಹತ್ತಾರು ಸಂಸಾರಗಳು ಸಮುದ್ರದ ಕಡೆಯಿಂದ ವಾಪಸ್ಸು ಬರುತ್ತಿದ್ದವು. ಸಮುದ್ರದ ಕಡೆಗೆ ಹೋಗುತ್ತಿದ್ದವರು ಬಿರಬಿರನೆ, ಕೆಲವರು ಓಡುತ್ತಲೇ ಹೋಗುತ್ತಿದ್ದರು.

"ಎಲ್ಲರೂ ಇಷ್ಟು ಬೇಗ ಸ್ನಾನ ಮುಗಿಸ್ಕೊಂಡು ಬರ್ತಾ ಇದಾರಲ್ರೀ?" ಎಂದಳು ಸರಸು.

"ಜನಕ್ಕೆ ಯಾವಾಗಲೂ ಆತುರ. ಈ ನೂಕುನುಗ್ಗಲು ಕಳೀಲಿ ಅಂತಲೇ ನಾನು ಕಾಯ್ತಿರೋದು."

ಊರ ಹೆಬ್ಬಾಗಿಲಿನ ಕೆಳಗೆ ಅರ್ಧ ಗಂಟೆ ನಿಂತೆವು. ಬಿಳಿಯ ಗಾರೆಯ ಎತ್ತರದ ಬಾಗಿಲು, ಮೇಲೆ ಡೆನ್ಮಾರ್ಕಿನ ರಾಜನ ಲಾಂಛನ. ಕಮಾನಿನ ಭಾರ ಹೇಗೆ ಎರಡು ಪಕ್ಕಕ್ಕೂ ಹರಿದು ಗೋಡೆಗೆ ಇಳಿಯುತ್ತದೆ ಎಂಬುದನ್ನು ನಾನು ನೆಲದ ಮೇಲೆ ಕೊಡೆಯ ತುದಿಯಿಂದ ಬರೆದು ವಿವರಿಸಿದೆ. ಸರಸು ಆಕಳಿಸಿದಳು. ಅತ್ತೆ ಮಾತ್ರ ತದೇಕಚಿತ್ತರಾಗಿ ಕೇಳಿದರು. ಕೊನೆಗೆ, "ಬಾಗಿಲು ಇಷ್ಟು ದೊಡ್ಡದಿದ್ರೆ ರಂಗೋಲಿ ಹಾಕೋರ ಗತಿಯೇನೋ?" ಎಂದು ಕೇಳಿದರು. ಈ ದೃಷ್ಟಿಯಿಂದ ಆ ಬಾಗಿಲನ್ನು ಬಹುಶಃ ಯಾರೂ ನೋಡಿರಲಿಲ್ಲ.

ಬಾಗಿಲಿನಾಚೆ ನೇರವಾದ ಬೀದಿ. ಅದರ ಕೊನೆಯಲ್ಲಿ ನೀಲಿಯಾಗಿ ಒಂದು ತುಂಡು ಕಾಣುತ್ತಿತ್ತು. ಅತ್ತೆಯ ಹೆಜ್ಜೆ ಚುರುಕಾಯಿತು. ಅಷ್ಟರಲ್ಲಿ ಎಡಗಡೆ ಒಂದು ಮನೆ ನನ್ನನ್ನು ಹಿಡಿದು ನಿಲ್ಲಿಸಿತು. ಮುಂದುಗಡೆ ಉದ್ದನೆಯ ಜಗಲಿ, ಅದರ ಮೇಲೆ ನಾಲ್ಕು ದುಂಡು ಕಂಬ. ಅಂಥ ಕಂಬಗಳನ್ನು ನಾನು ಕಾಗದದ ಮೇಲಷ್ಟೇ ಕಂಡಿದ್ದೆ.

"ಎರಡೇ ನಿಮಿಷ," ಎಂದೆ.

ಮದುವೆಯಾದ ಹದಿನೇಳು ವರ್ಷಗಳಲ್ಲಿ ಈ ಮಾತನ್ನು ಬಹಳ ಸಲ ಕೇಳಿದ್ದ ಸರಸು ಚೀಲವನ್ನು ಕೆಳಗಿಟ್ಟು ಜಗಲಿಯ ಮೇಲೆ ಕೂತಳು. ಅತ್ತೆಯನ್ನೂ ಕೂರಿಸಿಕೊಂಡಳು.

ನಾನು ಕೈಚೀಲದಿಂದ ಟೇಪು ತೆಗೆದು ಕಂಬದ ಸುತ್ತಳತೆ ಹಿಡಿದೆ. ಬರೆದುಕೊಂಡೆ. ಎರಡು ಕಂಬಗಳ ನಡುವಿನ ಅಂತರ ಹಿಡಿದೆ. ಬರೆದುಕೊಂಡೆ. ಜಗಲಿಯ ಅಂಚಿನಿಂದ ಬೀದಿಯ ಮಧ್ಯಕ್ಕೆ ಎಷ್ಟಿದೆಯೆಂದು ನೋಡಿದೆ. ಇದನ್ನು ಮಾಡಬಾರದಾಗಿತ್ತು. ಬಾಗಿಲು ತೆರೆದು ವಯಸ್ಸಾದ ಯಜಮಾನರೊಬ್ಬರು ಹೊರಬಂದರು. ಟೇಪನ್ನು ನೋಡಿದರು, ನನ್ನ ಕಿವಿಯ ಹಿಂದಿನ ಪೆನ್ಸಿಲನ್ನು ನೋಡಿದರು, ಕೈಮುಗಿದರು.

ನನ್ನ ತಮಿಳು ಕಚೇರಿಯ ಕ್ಯಾಂಟೀನಿನಲ್ಲಿ ಕಲಿತದ್ದು. ಅದರಲ್ಲಿ ಇಡ್ಲಿ ತರಿಸಬಹುದು, ಗೈರುಹಾಜರಾದವರನ್ನು ಬೈಯಬಹುದು. ನಾನು ಡೇನಿಷರ ಕಂಬಗಳ ಬಗ್ಗೆ ನನಗಿರುವ ಗೌರವವನ್ನು ಅದರಲ್ಲೇ ತಿಳಿಸಲು ಹೊರಟೆ. ಸರ್ಕಾರಿ ಕೆಲಸ, ಕಟ್ಟಡ, ಬೆಂಗಳೂರು ಎಂಬ ಮೂರು ಮಾತು ಅವರಿಗೆ ಚೆನ್ನಾಗಿ ಅರ್ಥವಾದವು. ರಸ್ತೆ ಅಗಲ ಮಾಡಲು ಜಗಲಿ ಒಡೆಯುವವರು ಬಂದಿದ್ದಾರೆಂದು ಅವರು ತೀರ್ಮಾನಿಸಿದರು.

ಕುರ್ಚಿ ಬಂತು. ಕಾಫಿ ಬಂತು. ಪಕ್ಕದ ಮನೆಯವರು ಬಂದರು. ತಮ್ಮ ಜಗಲಿಯನ್ನು ಬಿಟ್ಟು ಎದುರು ಸಾಲಿನ ಜಗಲಿಗಳನ್ನು ಒಡೆಯಬೇಕೆಂದು ಅವರು ಕೇಳಿಕೊಂಡರು. ಇದು ತಿಳಿದು ಎದುರು ಸಾಲಿನವರೂ ಬಂದರು. ಒಬ್ಬರು ಚರಂಡಿಯ ವಿಷಯ ತೆಗೆದರು. ಇನ್ನೊಬ್ಬರು ಒಳಗೆ ಹೋಗಿ ಅರ್ಜಿಯನ್ನೇ ಬರೆದು ತಂದರು.

"ನಾವು ಯಾರು ಅಂತ ಹೇಳಿಬಿಡ್ರೀ," ಎಂದಳು ಸರಸು ಹಲ್ಲು ಕಚ್ಚಿ.

"ಹೇಳ್ತಾ ಇದೀನಿ. ಅವರು ಬಿಡ್ತಾ ಇಲ್ಲ."

ಇದು ಪೂರ್ತಿ ನಿಜವಲ್ಲ. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ನನ್ನ ಕೈಗೆ ಯಾರೂ ಅರ್ಜಿ ಕೊಟ್ಟಿರಲಿಲ್ಲ. ಓದಿ, ತಲೆಯಾಡಿಸಿ, ಮಡಿಚಿ ಜೇಬಿನಲ್ಲಿಟ್ಟುಕೊಳ್ಳುವುದು ಎಷ್ಟು ಸುಖವೆಂದು ನನಗೆ ಆ ದಿನ ತಿಳಿಯಿತು. ಅಂಥವು ನಾಲ್ಕು ಬಂದವು. ಚರಂಡಿಗೆ ಇಳಿಜಾರು ಸಾಲದೆಂದು ನಾನು ಅಭಿಪ್ರಾಯವನ್ನೂ ಕೊಟ್ಟೆ. ಅತ್ತೆ ಕಂಬಕ್ಕೊರಗಿ ಕೂತಿದ್ದರು. ಯಜಮಾನರ ಹೆಂಡತಿ ಅವರಿಗೆಂದು ತಂದ ಮಜ್ಜಿಗೆಯನ್ನು ಕೈಸನ್ನೆಯಲ್ಲೇ ಬೇಡವೆಂದರು. ತುಟಿ ಒಣಗಿತ್ತು. ಅದನ್ನು ನಾನು ನೋಡಿದೆ, ಆದರೂ ಇನ್ನೊಂದು ಅರ್ಜಿಗೆ ಕೈ ಚಾಚಿದೆ. ಈ ಭಾಗವನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿಂದ ಬಿಡಿಸಿಕೊಂಡು ಬೀದಿಯ ಕೊನೆಗೆ ಬರುವಾಗ ಹನ್ನೊಂದು ಗಂಟೆ. ಎದುರಿಗೆ ಸಮುದ್ರ. ಬಲಗಡೆ ಕೋಟೆ. ಎಡಗಡೆ ದೂರದಲ್ಲಿ ಆ ಹಳೆಯ ದೇವಸ್ಥಾನ. ಅದರ ಮುಂಭಾಗವನ್ನು ಸಮುದ್ರ ನುಂಗಿಹಾಕಿತ್ತು. ಉಳಿದ ಅರ್ಧ ಅಲೆಗಳ ಬಾಯಲ್ಲೇ ನಿಂತಿತ್ತು. ನಾನು ಕೋಟೆಯ ಕಡೆ ನೋಡಿದೆ, ಸರಸು ನನ್ನ ಕಡೆ ನೋಡಿದಳು, ನಾನು ಸಮುದ್ರದ ಕಡೆ ತಿರುಗಿದೆ.

ಮರಳಿನ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಲ್ಲಲ್ಲಿ ಎಳ್ಳು, ದರ್ಭೆ, ಬಾಡಿದ ಹೂವು ಬಿದ್ದಿದ್ದವು. ಪುರೋಹಿತರೊಬ್ಬರು ಮಾತ್ರ ತಮ್ಮ ತಾಮ್ರದ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ನೋಡಿದ್ಯಾ, ನೂಕುನುಗ್ಗಲೇ ಇಲ್ಲ," ಎಂದೆ ಸರಸುವಿಗೆ.

ಕನ್ನಡ ಕಿವಿಗೆ ಬಿದ್ದದ್ದೇ ಪುರೋಹಿತರು ತಲೆಯೆತ್ತಿದರು. "ಬೆಂಗಳೂರಿನವರೋ? ನಮ್ಮದು ಕುಂಭಕೋಣ. ಮನೆಯಲ್ಲಿ ಕನ್ನಡವೇ. ಕೋಟೆ ನೋಡಲು ಬಂದಿರೋ?"

"ನಮ್ಮ ಅತ್ತೆಗೆ ಸಮುದ್ರ ಸ್ನಾನ ಮಾಡಿಸೋಕೆ ಬಂದ್ವಿ. ಸಂಕಲ್ಪ ನೀವೇ ಹೇಳಿಸಿಬಿಡಿ."

ಅವರು ಅತ್ತೆಯನ್ನು ನೋಡಿದರು, ಸೂರ್ಯನನ್ನು ನೋಡಿದರು. "ಅಮಾವಾಸ್ಯೆ ಎಂಟೂವರೆಗೇ ಹೋಯಿತಲ್ಲ ಸ್ವಾಮಿ. ಈಗ ಪಾಡ್ಯ."

"ಸಾಧ್ಯವಿಲ್ಲ," ಎಂದೆ. ಜೇಬಿನಿಂದ ಪಂಚಾಂಗ ತೆಗೆದು, ನಾಲ್ಕು ಅರ್ಜಿಗಳನ್ನು ಪಕ್ಕಕ್ಕೆ ಸರಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. "ನಾಲ್ಕು ಮೂವತ್ತು. ನೀವೇ ನೋಡಿ."

ಪುರೋಹಿತರು ಓದಿದರು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಸರಿಯಾಗಿದೆ. ನಾಲ್ಕು ಘಳಿಗೆ, ಮೂವತ್ತು ವಿಘಳಿಗೆ. ಇದು ಗಡಿಯಾರದ ಗಂಟೆಯಲ್ಲ ಸ್ವಾಮಿ. ಸೂರ್ಯೋದಯದಿಂದ ಎಣಿಸಬೇಕು. ಒಂದು ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ನಾಲ್ಕೂವರೆ ಘಳಿಗೆ ಅಂದರೆ ಎರಡು ಗಂಟೆಗೂ ಹನ್ನೆರಡು ನಿಮಿಷ ಕಡಿಮೆ."

ಲೆಕ್ಕ ಸರಿಯಾಗಿತ್ತು. ನಾನು ಎರಡು ಸಲ ಮನಸ್ಸಿನಲ್ಲೇ ಮಾಡಿ ನೋಡಿದೆ. ನಾವು ರೈಲಿನಿಂದ ಇಳಿದಾಗ ಒಂದೂವರೆ ಗಂಟೆ ಸಮಯವಿತ್ತು. ನಿಲ್ದಾಣದಿಂದ ಸಮುದ್ರಕ್ಕೆ ಇಪ್ಪತ್ತು ನಿಮಿಷದ ದಾರಿ. ಉಳಿದದ್ದನ್ನು ನಾನು ಕಮಾನಿಗೂ ಚರಂಡಿಗೂ ಕೊಟ್ಟಿದ್ದೆ.

ಸರಸು ನನ್ನನ್ನು ನೋಡಿದಳು. ಹದಿನೇಳು ವರ್ಷಗಳಲ್ಲಿ ಅವಳು ನನ್ನನ್ನು ಅನೇಕ ರೀತಿಯಲ್ಲಿ ನೋಡಿದ್ದಾಳೆ. ಇದು ಹೊಸದು. ಅವಳು ಬೈದಿದ್ದರೂ ಆಗುತ್ತಿತ್ತು.

"ಮುಂದಿನ ಹುಣ್ಣಿಮೆಗೆ..." ಎಂದು ಶುರು ಮಾಡಿದೆ. ರಜೆ ಇರಲಿಲ್ಲ. ಅತ್ತೆಯ ಮೊಣಕಾಲಿಗೆ ಇನ್ನೊಂದು ಸಲ ಈ ರೈಲುಗಳನ್ನು ಹತ್ತಿಳಿಯುವ ಶಕ್ತಿಯೂ ಇರಲಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತಿತ್ತು. ನನಗೆ ಅಳು ಬಂತು. ನಲವತ್ತು ದಾಟಿದ ಗಂಡಸು, ಜೇಬಿನ ತುಂಬ ಪರರ ಅರ್ಜಿ ಇಟ್ಟುಕೊಂಡು, ಪರಊರಿನ ಮರಳಿನ ಮೇಲೆ ನಿಂತು ಅಳುವುದು ನೋಡಲು ಚೆನ್ನಾಗಿರುವುದಿಲ್ಲವೆಂದು ಮೂಗು ಸೀಟಿಕೊಂಡೆ.

ಅತ್ತೆ ಸಮುದ್ರವನ್ನೇ ನೋಡುತ್ತಿದ್ದರು.

"ಹೋಗಲಿ ಬಿಡು. ಇಷ್ಟು ದೊಡ್ಡದು ಅಂತ ನಿಮ್ಮ ಮಾವ ಹೇಳಿರಲಿಲ್ಲ." ಪುರೋಹಿತರ ಕಡೆ ತಿರುಗಿದರು. "ಮುಟ್ಟೋ ಹಾಗಿಲ್ಲ ಸರಿ. ನೋಡಬಹುದು ತಾನೆ?"

"ನೋಡಿ ತಾಯಿ. ನೋಡೋದಕ್ಕೆ ತಿಥಿ ಬೇಕಿಲ್ಲ. ಆಮೇಲೆ ನಮ್ಮ ಮನೆಗೆ ಬನ್ನಿ, ಬಾವಿ ಇದೆ, ಅಲ್ಲೇ ಸ್ನಾನ ಮಾಡಿ ಊಟ ಮಾಡುವಿರಂತೆ."

"ಹಾಗಾದ್ರೆ ಒಂದು ಚೂರು ಹತ್ತಿರ ಕೂತ್ಕೊಂಡು ನೋಡ್ತೀನಿ."

ಕಡೆಗೂ ನಾನು ಉಪಯೋಗಕ್ಕೆ ಬರುವ ಒಂದು ಕೆಲಸ ಸಿಕ್ಕಿತು. ಅತ್ತೆಗೆ ಸಮುದ್ರ ತೀರ ಹತ್ತಿರವಿರಬೇಕು, ಆದರೆ ಒಂದು ಹನಿಯೂ ತಾಗಬಾರದು. ತಾಗಿದರೆ ದೋಷ. ಇದನ್ನು ಅಂದಾಜಿಗೆ ಬಿಡುವಂತಿಲ್ಲ. ನಾನು ಟೇಪು ಬಿಚ್ಚಿದೆ. ಏಳು ಅಲೆಗಳು ಎಲ್ಲೆಲ್ಲಿಯವರೆಗೆ ಬಂದವೆಂದು ಒಂದೊಂದಾಗಿ ಅಳೆದು ಬರೆದುಕೊಂಡೆ. ಎಲ್ಲಕ್ಕಿಂತ ಮುಂದೆ ಬಂದದ್ದನ್ನು ಹಿಡಿದು, ಅದಕ್ಕೆ ಭದ್ರತೆಗೆಂದು ಮೂರು ಅಡಿ ಸೇರಿಸಿ, ಕೊಡೆಯ ತುದಿಯಿಂದ ಮರಳಿನ ಮೇಲೆ ಒಂದು ಗೆರೆ ಎಳೆದೆ. ಬಹಳ ನೇರವಾದ ಗೆರೆ.

"ಇಲ್ಲಿ ಕೂತ್ಕೊಳ್ಳಿ ಅತ್ತೆ. ಇದನ್ನ ದಾಟಿ ಒಂದು ತೊಟ್ಟೂ ಬರಲ್ಲ. ಈ ಸಲ ಲೆಕ್ಕ ಪಕ್ಕಾ."

ಪುರೋಹಿತರು ಅರ್ಧ ದೇವಸ್ಥಾನದ ಕಡೆ ಒಮ್ಮೆ, ಗೆರೆಯ ಕಡೆ ಒಮ್ಮೆ ನೋಡಿ, ತಮ್ಮ ಚೀಲವನ್ನೆತ್ತಿಕೊಂಡು ಮೇಲಕ್ಕೆ ಹೋದರು. ಸರಸು ಸೀರೆಯ ನಿರಿಗೆ ಎತ್ತಿ ಹಿಡಿದು ಅವರ ಹಿಂದೆಯೇ ಹೋದಳು. ಅತ್ತೆ ಮಾತ್ರ ನಾನು ತೋರಿಸಿದ ಜಾಗದಲ್ಲಿ, ಗೆರೆಯ ಈಚೆ, ಕಾಲು ಮಡಿಚಿಕೊಂಡು ಕೂತರು. ನಾನು ಪಕ್ಕದಲ್ಲಿ ನಿಂತು ಕೊಡೆ ಹಿಡಿದೆ.

ಎಂಟನೇ ಅಲೆ ಬಂತು.

ಅದು ದೂರದಿಂದ ವಿಶೇಷವಾಗೇನೂ ಕಾಣಲಿಲ್ಲ. ಗೆರೆಯ ಹತ್ತಿರ ಬಂದು ನಿಲ್ಲುವುದೆಂದು ನಾನು ಕಾದೆ. ಅದಕ್ಕೆ ಗೆರೆಯ ವಿಷಯ ಗೊತ್ತಿರಲಿಲ್ಲ. ಮೊದಲು ಕೊಡೆ ಹೋಯಿತು, ಆಮೇಲೆ ನಾನು ಹೋದೆ. ಮೂಗಿಗೆ, ಬಾಯಿಗೆ, ಜೇಬಿನ ಪಂಚಾಂಗಕ್ಕೆ, ನಾಲ್ಕು ಅರ್ಜಿಗಳಿಗೆ ನೀರು ನುಗ್ಗಿತು. ಎದ್ದು ಕಣ್ಣೊರೆಸಿಕೊಂಡು, "ಅತ್ತೆ, ಅತ್ತೆ," ಎಂದು ಕೂಗುತ್ತಾ ತಿರುಗಿ ನೋಡಿದರೆ, ಅತ್ತೆ ಕೂತ ಜಾಗದಲ್ಲೇ ಇದ್ದರು. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು. ಹೊದ್ದ ಸೆರಗು ಜಾರಿ ಹೆಗಲಿಗೆ ಅಂಟಿಕೊಂಡಿತ್ತು. ಅವರು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಸರಸು ಓಡಿಬಂದಳು. ನಾನು ಮಾಡಿದ ಅನಾಹುತ ನನಗೆ ಆಗ ಹೊಳೆಯಿತು. ಪುಣ್ಯವನ್ನು ಬೆಳಿಗ್ಗೆಯೇ ಕಳೆದಿದ್ದೆ. ಈಗ ಪಾಡ್ಯದ ದಿನ ಸಮುದ್ರ ಮುಟ್ಟಿಸಿ ದೋಷವನ್ನೂ ಅಂಟಿಸಿದ್ದೆ.

ಅತ್ತೆ ಬಾಯಿಯ ಮರಳನ್ನು ಉಗಿದು, ಪುರೋಹಿತರನ್ನು ಕೂಗಿ ಕೇಳಿದರು. "ಏನ್ರೀ ಇವರೇ, ಇದಕ್ಕೆ ದೋಷ ಉಂಟೇನು?"

ಪುರೋಹಿತರು ಚೀಲ ಕೆಳಗಿಟ್ಟು ಸ್ವಲ್ಪ ಯೋಚಿಸಿದರು. "ಮನುಷ್ಯರು ಹೋಗಿ ಸಮುದ್ರವನ್ನು ಮುಟ್ಟಬಾರದು ಅಂತ ಇರೋದು. ಸಮುದ್ರವೇ ಬಂದು ಮನುಷ್ಯರನ್ನು ಮುಟ್ಟಿದರೆ ದೋಷ ಅಂತ ನಾನೆಲ್ಲೂ ಓದಿಲ್ಲ. ನೀವು ಮುಟ್ಟಬೇಕು ಅಂತ ಕೂತಿರಲಿಲ್ಲವಲ್ಲ ತಾಯಿ?"

"ಎಲ್ಲಾದ್ರೂ ಉಂಟೆ? ಬರೋದೇ ಇಲ್ಲ ಅಂತ ಹುಡುಗ ಲೆಕ್ಕ ಹಾಕಿ ಹೇಳಿದ್ದ."

"ಮತ್ತೆ ದೋಷ ಎಲ್ಲಿಂದ ಬಂತು?"

"ಸ್ನಾನ ಅಂದ್ರೆ ಮೂರು ಮುಳುಗು ಅಲ್ವೇ?"

"ಮೂರು ತಾಯಿ."

"ಇದು ಒಂದಾಯ್ತು," ಎಂದರು ಅತ್ತೆ. ಎದ್ದು, ಸೀರೆ ಹಿಂಡಿಕೊಂಡು, ನನ್ನ ಕಡೆ ತಿರುಗಿದರು. "ಶಾಮು, ಇನ್ನೊಂದು ಗೆರೆ ಎಳೆಯೋ."

"ಎಲ್ಲಿ ಎಳೀಲಿ ಅತ್ತೆ?"

"ನೀರು ಖಂಡಿತ ಬರಲ್ಲ ಅಂತ ನಿನಗೆ ಎಲ್ಲಿ ಅನ್ಸುತ್ತೋ, ಅಲ್ಲಿ."

ಟೇಪನ್ನು ಸಮುದ್ರ ತೆಗೆದುಕೊಂಡು ಹೋಗಿತ್ತು. ಮುರಿದ ಕೊಡೆಯನ್ನೆತ್ತಿಕೊಂಡು, ಹೆಜ್ಜೆಯಲ್ಲೇ ಅಳೆದು, ಹತ್ತೊಂಬತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಮೊದಲಿನದಕ್ಕಿಂತ ನಾಲ್ಕು ಅಡಿ ಹಿಂದೆ ನಾನು ಎರಡನೆಯ ಗೆರೆ ಎಳೆದೆ. ಅತ್ತೆ ಅಲ್ಲಿ ಕೂತು ಕಣ್ಣು ಮುಚ್ಚಿ ಕೈಮುಗಿದರು. ನಾನೂ ಕೈಮುಗಿದೆ. ನನ್ನ ಲೆಕ್ಕ ತಪ್ಪಾಗಲಿ ಎಂದು ನಾನು ದೇವರನ್ನು ಬೇಡಿಕೊಂಡದ್ದು ಜೀವನದಲ್ಲಿ ಅದೇ ಮೊದಲು.

ಬೇಡಿಕೊಳ್ಳುವ ಅಗತ್ಯವೇನೂ ಇರಲಿಲ್ಲ.